ಒಂದೂವರೆ ಬೆರಳು

ಮೇಲ್ವಿಚಾರಕಿ ಮೂರನೆಯ ಸಲ ಟೇಪು ಎಳೆದರು. ಈ ಸಲ ತಾವೇ ಮೊಣಕಾಲೂರಿ ಕೂತು, ಒಂದು ತುದಿಯನ್ನು ಟೆನಿಸ್ ಅಂಗಣದ ಹಿಂದಿನ ಗೆರೆಯ ಅಂಚಿಗೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರು. ಇನ್ನೊಂದು ತುದಿ ನೆಟ್ಟಿನ ಅಡಿಯಿಂದ ಹಾದು, ಎದುರು ಗೆರೆಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ ಕೋಚಮ್ಮನ ಕೈಯಲ್ಲಿತ್ತು. ನೀಲಿ ನೆಲದ ಮೇಲೆ ಉಕ್ಕಿನ ಪಟ್ಟಿ ಮಿಸುಕದೆ ಮಲಗಿತ್ತು.

"ಆ ಕಡೆ ಎಷ್ಟಿದೆ?"

ಕೋಚಮ್ಮ ಬಗ್ಗಿ ನೋಡಿದಳು. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದಳು. "ಇಪ್ಪತ್ಮೂರು ಮೀಟರ್ ಎಂಬತ್ತೆರಡು."

"ಇರಬೇಕಾದ್ದು ಎಪ್ಪತ್ತೇಳು." ಮೇಲ್ವಿಚಾರಕಿ ಎದ್ದು, ಕೈಯಲ್ಲಿದ್ದ ಹಾಳೆಯ ಮೇಲೆ ಬರೆದುಕೊಂಡರು. "ಉದ್ದ ಐದು ಸೆಂಟಿಮೀಟರ್ ಜಾಸ್ತಿ. ಅಗಲಾನೂ ಐದು ಜಾಸ್ತಿ. ಸರ್ವಿಸ್ ಗೆರೆಗಳು ನೆಟ್ಟಿಂದ ಎರಡೂವರೆ ದೂರ ಹೋಗಿವೆ."

"ಅದು ಆಗೋ ಮಾತಲ್ಲ," ಎಂದರು ಗೆರೆಮೇಷ್ಟ್ರು.

ಅವರನ್ನು ಯಾರೂ ಕೇಳಿರಲಿಲ್ಲ. ಬಣ್ಣದ ಡಬ್ಬಿಗಳ ಪಕ್ಕ, ಗೋಡೆಗೆ ಒರಗಿ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದವರು ಈಗ ಅಂಗಣದ ಒಳಗೆ ಎರಡು ಹೆಜ್ಜೆ ಬಂದಿದ್ದರು. ಮೂರನೆಯ ಕ್ಲಾಸು ದಾಟದ ಅವರಿಗೆ ಮೇಷ್ಟ್ರು ಎಂಬ ಹೆಸರು ಬಸ್ ಡಿಪೋದ ಡ್ರೈವರುಗಳು ಇಟ್ಟದ್ದು. ಮೂವತ್ತೆಂಟು ವರ್ಷ ಡಿಪೋದಲ್ಲಿ ಗೆರೆ ಹಾಕಿದ್ದರು, ಬೋರ್ಡು ಬರೆದಿದ್ದರು. ಗೆರೆ ದಾಟಿ ಬಸ್ಸು ನಿಲ್ಲಿಸಿದವರನ್ನು ಕೆಳಗಿಳಿಸಿ, ಪಾಠ ಒಪ್ಪಿಸದ ಮಕ್ಕಳನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿ ಬೈಯುತ್ತಿದ್ದರು. ಹಾಗೆ ಬೈಸಿಕೊಂಡ ಇಬ್ಬರು ಮುಂದೆ ಡಿಪೋ ಮ್ಯಾನೇಜರೂ ಆದರು. ಹೆಸರು ಮಾತ್ರ ಹೋಗಲಿಲ್ಲ.

"ಯಜಮಾನರೇ, ಮೂರು ಸಲ ಅಳೆದಿದ್ದೀನಿ," ಎಂದರು ಮೇಲ್ವಿಚಾರಕಿ. ವೃತ್ತಿಪರ ಟೆನಿಸ್ ನಡೆಸುವ ಮಂಡಳಿಯಿಂದ ಅವರು ಆ ಬೆಳಿಗ್ಗೆ ತಾನೆ ಬಂದಿಳಿದಿದ್ದರು. ಮಾತು ಕಮ್ಮಿ, ಕೆಲಸ ಚೊಕ್ಕ. ಅಂಥವರನ್ನು ಕಂಡರೆ ಮೇಷ್ಟ್ರಿಗೆ ಇಷ್ಟವೇ. ಆದರೆ ಇವತ್ತು ಇಷ್ಟಪಡುವ ಸ್ಥಿತಿ ಇರಲಿಲ್ಲ.

"ನಿಮ್ಮ ಟೇಪು ಎಷ್ಟು ವರ್ಷದ್ದು?"

"ಹೋದ ತಿಂಗಳು ಪರೀಕ್ಷೆ ಮಾಡಿಸಿದ್ದು."

"ನನ್ನದು ಇಪ್ಪತ್ತಾರು ವರ್ಷದ್ದು. ಒಂದು ದಿನಾನೂ ಸುಳ್ಳು ಹೇಳಿಲ್ಲ. ತರ್ತೀನಿ, ಅದನ್ನೂ ಹಾಕಿ ನೋಡಿ."

"ತನ್ನಿ," ಎಂದರು ಆಕೆ. ಬೇಸರವನ್ನೇನೂ ತೋರಿಸಲಿಲ್ಲ.

ಎರಡು ಟೇಪುಗಳೂ ಅಕ್ಕಪಕ್ಕ ಮಲಗಿದವು. ಹೊಸದು ಮಿರಮಿರ ಹೊಳೆಯುತ್ತಿತ್ತು, ಹಳೆಯದರ ಅಂಚು ಕಪ್ಪಗಾಗಿತ್ತು. ಮೇಷ್ಟ್ರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಎರಡೂ ಒಂದೇ ಹೇಳಿದವು: ಇಪ್ಪತ್ತಮೂರು ಎಂಬತ್ತೆರಡು.

ಅದೇ ಟೇಪು, ಅದೇ ಕೈ, ಅದೇ ನೆಲ. ಎಂಟು ದಿನದ ಹಿಂದೆ ಇದೇ ಟೇಪು ಎಪ್ಪತ್ತೇಳು ತೋರಿಸಿದ್ದು ಅವರ ಕಣ್ಣಿಗೆ ಕಟ್ಟಿದ ಹಾಗಿತ್ತು. ಮಗಳು ಕೋಚಮ್ಮ ಕೊಟ್ಟ ಅಂಗಣದ ಚಿತ್ರದ ಅಂಕಿಗಳನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಂಡು, ಒಂದೊಂದಕ್ಕೂ ಎರಡು ಸಲ ಅಳೆದು, ಮೊಳೆ ಹೊಡೆದು ನೂಲು ಕಟ್ಟಿದ್ದರು. ಆ ಕಡೆ ತುದಿ ಹಿಡಿದಿದ್ದವನು ರಿವರ್ಸ್. ಎಂಥ ಸಂದಿಯಲ್ಲೂ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದ ಡ್ರೈವರು, ಈಗ ತಮ್ಮ ಹಾಗೇ ನಿವೃತ್ತ. ಅವನ ಕಣ್ಣೂ ಅಂಗುಲ ತಪ್ಪುವ ಕಣ್ಣಲ್ಲ.

"ನೆಲ ಹಿಗ್ಗಿರಬೇಕು ಮೇಷ್ಟ್ರೇ," ಎಂದ ರಿವರ್ಸ್, ಹಿಂದಿನಿಂದ, ಪಿಸುಮಾತಿನಲ್ಲಿ. ಅವನ ಪಿಸುಮಾತು ಇಡೀ ಶೆಡ್ಡಿಗೆ ಕೇಳಿಸುತ್ತಿತ್ತು. "ಹೊಸ ನೆಲ. ಒಳಗೆ ಗುಂಡಿ ಬೇರೆ ಮುಚ್ಚಿದ್ದಾರೆ."

ಅದು ಡಿಪೋದ ರಿಪೇರಿ ಶೆಡ್ಡು. ಡಿಪೋ ಊರಾಚೆಗೆ ಹೋದ ಮೇಲೆ ಒಂಬತ್ತು ವರ್ಷ ಪಾರಿವಾಳಗಳಿಗೆ ಬಿಟ್ಟ ಜಾಗ. ಮೆಕ್ಯಾನಿಕ್ಕುಗಳು ನಿಂತು ಬಸ್ಸಿನ ಹೊಟ್ಟೆ ನೋಡುತ್ತಿದ್ದ ಎಂಟು ಗುಂಡಿಗಳಿದ್ದವು. ಒಂದು ದಿನ, ಚಿಕ್ಕವಳಿದ್ದಾಗ ಅಪ್ಪನಿಗೆ ಊಟದ ಡಬ್ಬಿ ತರುತ್ತಿದ್ದ ದಾರಿಯನ್ನು ತೋರಿಸುತ್ತೇನೆ ಬಾ ಎಂದು ಯಾರನ್ನೋ ಕರೆತಂದಿದ್ದ ಕೋಚಮ್ಮ, ಮಾತು ಅರ್ಧಕ್ಕೆ ನಿಲ್ಲಿಸಿ ತಲೆ ಎತ್ತಿ ನೋಡುತ್ತಾ ನಿಂತಳಂತೆ. ಮನೆಗೆ ಬಂದವಳೇ, "ಅಪ್ಪ, ನಡುವೆ ಒಂದೂ ಕಂಬ ಇಲ್ಲದ ಸೂರು ಈ ಊರಲ್ಲಿ ಅದೊಂದೇ," ಅಂದಿದ್ದಳು. ಅಷ್ಟೇ. ಆಮೇಲೆ ಅಲ್ಲಿ ಟೆನಿಸ್ ಆಡಿಸಲು ಮೂರು ವರ್ಷ ಅರ್ಜಿ, ಅಲೆದಾಟ.

ಅವಳು ಆಡುತ್ತಿದ್ದ ಕಾಲಕ್ಕೆ ಎಲ್ಲಿಗೆ ಹೋದರೂ ಯಾವೂರು ಎಂದು ಕೇಳುತ್ತಿದ್ದರು. ಹೇಳಿದರೆ, ಅದೆಲ್ಲಿ ಬರುತ್ತೆ ಎಂದು ಮತ್ತೆ ಕೇಳುತ್ತಿದ್ದರು. ನಾನೂರ ಹನ್ನೆರಡನೆಯ ರ‍್ಯಾಂಕಿನವರೆಗೆ ಹೋದಳು, ಅಲ್ಲಿಂದ ಮೇಲೆ ಹತ್ತಲಿಲ್ಲ. ಭುಜ ಕೈಕೊಟ್ಟ ಮೇಲೆ ಊರಿಗೆ ಬಂದು ಮಕ್ಕಳಿಗೆ ಕಲಿಸುತ್ತಾ ಕೋಚಮ್ಮ ಆದಳು. ಈಗ ಹನ್ನೊಂದು ದೇಶದ ಆಟಗಾರ್ತಿಯರು ಅವಳು ಕರೆದಳು ಎಂದು ಬಂದು, ಬಸ್ ನಿಲ್ದಾಣದ ಎದುರಿನ ಲಾಡ್ಜುಗಳಲ್ಲಿ ಇಳಿದಿದ್ದರು. ನಾಳೆ ಹತ್ತು ಗಂಟೆಗೆ ಮೊದಲ ಆಟ.

"ನಾನು ಮೊದಲೇ ಹೇಳಿದ್ದೆ," ಎಂದರು ಕಾರ್ಯದರ್ಶಿ.

ಅವರು ರಾಜಧಾನಿಯ ಟೆನಿಸ್ ಸಂಘದವರು. ಮೇಲ್ವಿಚಾರಕಿಯ ಜೊತೆಗೇ ಬಂದಿದ್ದರು. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ. ನೆಲದ ಮೇಲೆ ಕಾಲಿಡುವಾಗಲೂ ಬಸ್ಸಿನ ಎಣ್ಣೆ ಇನ್ನೂ ಅಂಟಿಕೊಂಡಿದೆಯೇನೋ ಎಂಬಂತೆ ಇಡುತ್ತಿದ್ದರು. "ನೋಡಮ್ಮ, ನಿಮ್ಮೂರವರ ಉತ್ಸಾಹ ಮೆಚ್ಚಬೇಕಾದ್ದೇ. ಆದರೆ ಇದು ಉತ್ಸಾಹದ ಕೆಲಸ ಅಲ್ಲ. ನಮ್ಮ ಹಾಲ್ ಖಾಲಿ ಇದೆ. ಮಧ್ಯಾಹ್ನ ಎರಡು ಬಸ್ ಮಾಡಿ ಆಟಗಾರರನ್ನ ಕಳಿಸಿಬಿಡೋಣ. ಪೋಸ್ಟರಲ್ಲಿ ನಿಮ್ಮೂರಿನ ಹೆಸರು ಹಾಗೇ ಇರಲಿ. ಯಾರು ಬೇಡ ಅಂತಾರೆ?"

"ಆಟ ಅಲ್ಲಿ, ಹೆಸರು ಇಲ್ಲಿ," ಎಂದಳು ಕೋಚಮ್ಮ. "ಚೆನ್ನಾಗಿದೆ ಸಾರ್."

"ಕೋಪ ಮಾಡ್ಕೋಬೇಡ. ಗೆರೆ ಹಾಕಿದ್ದು ಯಾರು? ಈ ಅಜ್ಜ ತಾನೆ? ಬಸ್ಸಿಗೆ ಹಾಕಿದವರು. ಅವರ ತಪ್ಪಲ್ಲ, ಕೆಲಸಕ್ಕೆ ಹಚ್ಚಿದವರ ತಪ್ಪು."

ಕೋಚಮ್ಮನ ಕಿವಿಯ ತುದಿ ಕೆಂಪಾದುದನ್ನು ಮೇಷ್ಟ್ರು ಕಂಡರು. ಚಿಕ್ಕವಳಿದ್ದಾಗಿನಿಂದ ಹಾಗೆ. ಮುಖದಲ್ಲಿ ಏನೂ ಕಾಣುವುದಿಲ್ಲ, ಕಿವಿ ಹೇಳಿಬಿಡುತ್ತದೆ. ಅವಳು ಮೇಲ್ವಿಚಾರಕಿಯ ಕಡೆ ತಿರುಗಿ ನಿಧಾನವಾಗಿ ಮಾತಾಡಿದಳು.

"ಮೇಡಂ, ನೆಲ ಹಾಕಿದ್ದು ನಾವಲ್ಲ. ಸಂಘದವರು ಕಳಿಸಿದ ಕಂಪನಿ. ಬೇರೆಯವರನ್ನ ಹಿಡಿದರೆ ಒಪ್ಪಿಗೆ ಕೊಡಲ್ಲ ಅಂತ ಸಾರೇ ಪತ್ರ ಬರೆದಿದ್ರು. ಪತ್ರ ನನ್ನ ಹತ್ರ ಇದೆ. ನಮ್ಮಪ್ಪ ನೂಲು ಕಟ್ಟಿದ ದಿನ ಅಳತೆ ಸರಿ ಇತ್ತು. ಎಂಟು ದಿನಕ್ಕೆ ಐದು ಸೆಂಟಿಮೀಟರ್ ಬಂತು ಅಂದರೆ ಜರುಗಿರೋದು ನೆಲ. ಆ ತಪ್ಪು ಯಾರ ತಲೆಗೆ ಬರುತ್ತೆ, ಅದನ್ನೂ ವರದೀಲಿ ಬರೀರಿ."

ಕಾರ್ಯದರ್ಶಿ ಜೇಬಿನಿಂದ ಕರವಸ್ತ್ರ ತೆಗೆದರು. ಕತ್ತು ಒರೆಸಿಕೊಂಡರು. "ಅದು... ಹಾಗೆಲ್ಲ ಬರೆಯೋಕಾಗಲ್ಲ. ಕಂಪನಿ ಒಳ್ಳೆ ಕಂಪನಿ."

"ಒಳ್ಳೆ ಕಂಪನಿ ನೆಲ ಓಡಾಡುತ್ತಾ ಸಾರ್?" ಎಂದ ರಿವರ್ಸ್.

"ನೋಡಿ, ಐದು ಸೆಂಟಿಮೀಟರ್ ಅಂದರೆ ಎಷ್ಟು? ಎರಡು ಕಡೆಗೂ ಸಮ ಇದೆ," ಎಂದು ಕಾರ್ಯದರ್ಶಿ ಈಗ ಮೇಲ್ವಿಚಾರಕಿಗೇ ಹೇಳತೊಡಗಿದರು. "ಒಂದು ವಿಶೇಷ ಅನುಮತಿ ಅಂತ ಏನಾದರೂ..."

ಮೇಷ್ಟ್ರು ಅಷ್ಟರಲ್ಲಿ ಅಲ್ಲಿರಲಿಲ್ಲ. ಗೆರೆಗಳ ಗುಂಟ ನಡೆಯುತ್ತಿದ್ದರು. ಮಗಳ ಮಾತು ಕಿವಿಗೆ ಬೀಳುತ್ತಿತ್ತು, ಹಿಡಿಸುತ್ತಲೂ ಇತ್ತು. ಆದರೆ ನೆಲ ಜರುಗಿದರೆ ಹೇಗೆ ಜರುಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಎಲ್ಲೋ ಕೂದಲೆಳೆಯಷ್ಟಾದರೂ ಬಿರುಕು ಬಿಡುತ್ತದೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಹೋಗುತ್ತದೆ. ನಾಲ್ಕು ದಿಕ್ಕಿಗೂ ಒಂದೇ ಅಳತೆಯಲ್ಲಿ, ಮಾತಾಡಿಕೊಂಡವರ ಹಾಗೆ ಹಿಗ್ಗುವ ನೆಲವನ್ನು ಅವರು ನೋಡಿರಲಿಲ್ಲ. ನೆಟ್ಟಿನ ಹತ್ತಿರ, ಎರಡು ಸರ್ವಿಸ್ ಚೌಕಗಳನ್ನು ಬೇರೆ ಮಾಡುವ ಮಧ್ಯದ ಗೆರೆಯ ಪಕ್ಕ ಕೂತರು.

"ಮೇಡಂ, ಇದನ್ನ ಅಳೆದ್ರಾ?"

"ಅಳೆದೆ. ಅದು ಸರಿಯಾಗಿದೆ."

"ಇದೊಂದೇ?"

"ಅದೊಂದೇ. ಅದನ್ನ ಗೆರೆಯ ನಟ್ಟನಡುವಿಗೆ ಅಳೀತೀವಿ. ಮಿಕ್ಕ ಎಲ್ಲದನ್ನೂ ಹೊರಗಿನ ಅಂಚಿಗೆ. ಗೆರೆ ಮುಟ್ಟಿದ ಚೆಂಡು ಒಳಗಿನ ಲೆಕ್ಕ, ಅದಕ್ಕೆ ಗೆರೇನೂ ಒಳಗಿನದ್ದೇ."

ಮೇಷ್ಟ್ರು ಮಧ್ಯದ ಗೆರೆಯ ಮೇಲೆ ಮೂರು ಬೆರಳು ಇಟ್ಟರು. ಗೆರೆಯ ಅಗಲ ಸರಿಯಾಗಿ ಮೂರು ಬೆರಳು. ಆಮೇಲೆ ನಡುಬೆರಳಿನ ಮಧ್ಯವನ್ನು ನೋಡುತ್ತಾ ಕೂತರು. ನೂಲು ಬಿದ್ದದ್ದು ಅಲ್ಲಿ.

ಡಿಪೋದಲ್ಲಿ ಗೆರೆ ಎಂದರೆ ಎರಡು ಬಸ್ಸಿನ ನಡುವಿನದು. ಈ ಬಸ್ಸಿನದು ಅರ್ಧ, ಆ ಬಸ್ಸಿನದು ಅರ್ಧ. ಅದಕ್ಕೇ ನೂಲು ಹೊಡೆದ ಜಾಗ ಗೆರೆಯ ಬೆನ್ನುಮೂಳೆ. ಬ್ರಷ್ಷು ಆಚೆಗೆ ಒಂದೂವರೆ ಬೆರಳು, ಈಚೆಗೆ ಒಂದೂವರೆ ಬೆರಳು ಓಡಬೇಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೆಡ್ ಪೇಂಟರು ಕತ್ತು ಹಿಡಿದು ಬಗ್ಗಿಸಿ ಕಲಿಸಿದ್ದು. ಆಮೇಲೆ ಕೈ ಯಾರನ್ನೂ ಕೇಳಿರಲಿಲ್ಲ. ಇಲ್ಲೂ ಕೇಳಲಿಲ್ಲ. ನೂಲು ಸರಿಯಾದ ಜಾಗದಲ್ಲೇ ಇತ್ತು, ಟೇಪೂ ಸುಳ್ಳು ಹೇಳಿರಲಿಲ್ಲ. ಹೊರಗೆ ಚಾಚಿದ್ದು ಬಣ್ಣ.

ಇದು ತಮಗೊಬ್ಬರಿಗೇ ಗೊತ್ತು ಎಂಬುದೂ ಅದರ ಹಿಂದೆಯೇ ಹೊಳೆಯಿತು. ರಿವರ್ಸ್ ನೂಲು ಹಿಡಿದಿದ್ದನೇ ಹೊರತು ಬ್ರಷ್ಷು ಎಲ್ಲಿ ಓಡಿತು ಎಂದು ನೋಡುವವನಲ್ಲ. ಅತ್ತ ಕಾರ್ಯದರ್ಶಿಯ ದನಿ ಇಳಿದಿತ್ತು. ಮಗಳು ಕೈಕಟ್ಟಿ ನಿಂತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಅವಳ ಮುಂದೆ ತಡವರಿಸುತ್ತಿದ್ದ. ಮೇಷ್ಟ್ರಿಗೆ ಆ ನೋಟ ಇನ್ನೊಂದು ಗಳಿಗೆ ಇರಲಿ ಎನ್ನಿಸಿತು. ಇನ್ನೊಂದು ಗಳಿಗೆ ಕೂತರು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

"ನೆಲ ಜರುಗಿಲ್ಲ," ಎಂದರು. "ಜರುಗಿದ್ದು ನನ್ನ ಬ್ರಷ್ಷು."

ಎಲ್ಲರೂ ತಿರುಗಿದರು.

"ನೂಲಿನ ಎರಡು ಕಡೆಗೂ ಬಳಿದುಬಿಟ್ಟೆ, ಡಿಪೋದಲ್ಲಿ ಬಳಿದ ಹಾಗೆ. ಒಳಗಡೆ ಮಾತ್ರ ಬಳೀಬೇಕಿತ್ತು. ಕಂಪನಿಯವರ ತಪ್ಪೇನೂ ಇಲ್ಲ. ಬರ‍್ಕೊಳ್ಳಿ ಮೇಡಂ, ಪೇಂಟರ್ ತಪ್ಪು ಅಂತ."

ಕಾರ್ಯದರ್ಶಿಯ ಕರವಸ್ತ್ರ ಜೇಬಿಗೆ ಹೋಯಿತು. ಅಂಗಿಯ ಒಳಗೆ ಎದೆ ಮತ್ತೆ ಉಬ್ಬಿತು. "ಕೇಳಿದ್ರಲ್ಲ," ಎಂದರು. "ಬಸ್ಸಿಗೆ ಹೇಳಿಬಿಡ್ತೀನಿ."

ಕೋಚಮ್ಮ ಅಪ್ಪನ ತೋಳು ಹಿಡಿದು ನೆಟ್ಟಿನ ಕಂಬದ ಆಚೆಗೆ ಎಳೆದುಕೊಂಡು ಹೋದಳು. "ಅಪ್ಪ, ಐದು ನಿಮಿಷ ಸುಮ್ಮನಿರೋಕೆ ಆಗ್ತಿರಲಿಲ್ವಾ ನಿಂಗೆ? ಅವನೇ ಅನುಮತಿ ಕೇಳ್ತಿದ್ದ. ಅವನ ಬಾಯಲ್ಲೇ ಬರ‍್ತಿತ್ತು."

"ಬರ‍್ತಿತ್ತು. ನೋಡಿದೆ."

"ಮತ್ತೆ?"

"ನಾಳೆ ಆ ಒಂದೂವರೆ ಬೆರಳಲ್ಲಿ ಒಂದು ಚೆಂಡು ಬೀಳುತ್ತೆ ಅನ್ಕೋ. ಹೊರಗೆ ಬಿದ್ದಿದ್ದು ಒಳಗೆ ಅಂತಾರೆ. ಸೋತ ಹುಡುಗಿ ಅವಳೂರಿಗೆ ಹೋಗಿ ಏನಂತಾಳೆ? ಆ ಊರಲ್ಲಿ ಗೆರೇನೇ ಸುಳ್ಳು ಅಂತಾಳೆ. ಇಷ್ಟು ದಿನ ಅದೆಲ್ಲಿದೆ ಅಂತಿದ್ರು. ಇನ್ನು ಮೇಲೆ ಗೊತ್ತು ಬಿಡು ಅಂತಾರೆ."

ಅವಳು ಅಪ್ಪನ ತೋಳು ಬಿಡಲಿಲ್ಲ. ಕಿವಿಯ ಕೆಂಪು ನಿಧಾನವಾಗಿ ಇಳಿಯಿತು. "ಚಿತ್ರ ಕೊಟ್ಟವಳು ನಾನು," ಎಂದಳು ಕೊನೆಗೆ. "ಹದಿನೇಳು ವರ್ಷ ಈ ಗೆರೆಗಳ ಮೇಲೆ ಓಡಿದ್ದೀನಿ. ಅಂಚು ಯಾವುದು ಅಂತ ನಿಂಗೆ ಒಂದು ಮಾತು ಹೇಳಲಿಲ್ಲ."

"ಹೇಳಿದ್ರೂ ಕೇಳ್ತಿದ್ನೋ ಇಲ್ವೋ. ಈಗ ಹೇಳು, ಎಷ್ಟು ಗಂಟೆ?"

"ಹತ್ತೂ ಇಪ್ಪತ್ತು."

ಮೇಷ್ಟ್ರು ಮೇಲ್ವಿಚಾರಕಿಯ ಎದುರು ಹೋಗಿ ನಿಂತರು. "ಮೇಡಂ, ಎಷ್ಟು ಹೊತ್ತು ಕೊಡ್ತೀರಿ?"

ಆಕೆ ಗಡಿಯಾರ ನೋಡಿಕೊಂಡರು. "ಸಂಜೆ ಐದಕ್ಕೆ ಮತ್ತೆ ಅಳೀತೀನಿ. ಸರಿ ಇದ್ರೆ ನಾಳೆ ಆಟ ಇಲ್ಲೇ. ಇಲ್ಲಾಂದ್ರೆ ನಾನೇನೂ ಮಾಡೋ ಹಾಗಿಲ್ಲ."

"ಬಣ್ಣ ಒಣಗೋದು ಬೇಡ್ವಾ?" ಎಂದರು ಕಾರ್ಯದರ್ಶಿ. "ನೂರ ಮೂವತ್ತು ಮೀಟರ್ ಗೆರೆ ಇದೆ ಇಲ್ಲಿ. ನಮ್ಮಲ್ಲಿ ಮಿಷನ್ ತಂದು ಹಾಕಿದ್ರೂ ಎರಡು ದಿನ ಹಿಡೀತು."

"ಸುರಿಯೋ ಮಳೇಲಿ ಬೋರ್ಡ್ ಬರೆದು, ಅರ್ಧ ಗಂಟೇಲಿ ಬಸ್ಸನ್ನ ರೂಟಿಗೆ ಬಿಟ್ಟವರು ಇವರು ಸಾರ್," ಎಂದ ರಿವರ್ಸ್. "ಊರ ಹೆಸರು ಕರಗಿ ಹೋಗಿ, ಹತ್ತಿದವರು ಎಲ್ಲೆಲ್ಲೋ ಇಳಿದ್ರು ಅನ್ನೋದು ಬೇರೆ ಮಾತು."

"ಬಾಯಿ ಮುಚ್ಕೊಂಡು ನೂಲು ತಗೋ," ಎಂದರು ಮೇಷ್ಟ್ರು. ಮತ್ತೆ ಕಾರ್ಯದರ್ಶಿಯ ಕಡೆ ತಿರುಗಿ, "ಸಾರ್, ನೀವು ಸ್ವಲ್ಪ ಗೆರೆಯಿಂದ ಆಚೆ ನಿಲ್ಲಿ. ಅಂಗಿಗೆ ಬಣ್ಣ ಹತ್ತುತ್ತೆ," ಎಂದರು.

ನೀಲಿ ಬಣ್ಣ ಎರಡು ಡಬ್ಬಿ ಉಳಿದಿತ್ತು, ಬಿಳಿ ಒಂದೂವರೆ. ಕೆಲಸ ಹೇಗೆ ಎಂದು ಮೇಷ್ಟ್ರು ಒಂದೇ ಸಲ ಹೇಳಿದರು. ಮೊದಲಿನ ಜಾಗದಲ್ಲೇ ಮತ್ತೆ ನೂಲು. ನೂಲಿನ ಒಳಗಡೆ ಅಂಟುಪಟ್ಟಿ. ಹೊರಗೆ ಚಾಚಿಕೊಂಡ ಬಿಳಿಯ ಮೇಲೆ ನೀಲಿ, ಒಣಗಿದ ಮೇಲೆ ಇನ್ನೊಂದು ಕೈ ನೀಲಿ, ಇಲ್ಲದಿದ್ದರೆ ಬಿಳಿ ಕೆಳಗಿನಿಂದ ಇಣುಕುತ್ತದೆ. ಆಮೇಲೆ ಒಳಗಡೆ ಒಂದೂವರೆ ಬೆರಳು ಬಿಳಿ ಸೇರಿಸಿ ಗೆರೆಯನ್ನು ಮತ್ತೆ ಮೂರು ಬೆರಳು ಮಾಡುವುದು.

ಕೋಚಮ್ಮ ನಿಯಮದ ಪುಸ್ತಕ ತಿರುವಿ ಹಾಕುತ್ತಿದ್ದಳು. "ಅಪ್ಪ, ಎರಡೂವರೆ ಸೆಂಟಿಮೀಟರ್ ಗೆರೆ ಆದ್ರೂ ನಡೆಯುತ್ತೆ ಅಂತಿದೆ. ಹೊರಗಿನ ಅರ್ಧ ಅಳಿಸಿಬಿಟ್ಟರೆ ಸಾಕು. ಒಳಗೆ ಸೇರಿಸೋದೇ ಬೇಡ. ಅರ್ಧ ಕೆಲಸ ಉಳಿಯುತ್ತೆ."

"ಮೊದಲು ಅಳಿಸೋಣ," ಎಂದರು ಮೇಷ್ಟ್ರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಗೆ ಇಳಿದಿತ್ತು. ಶೆಡ್ಡಿನ ಮುಂಬಾಗಿಲ ಪಕ್ಕ, ಹಳೆಯ ಪಾಸು ಕೊಡುವ ಕಿಟಕಿಯಲ್ಲಿ ಕೋಚಮ್ಮನ ತಾಯಿ ಟಿಕೆಟ್ಟು ಕೊಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಎಷ್ಟು ಜನ ನುಗ್ಗಿದರೂ ದನಿ ಏರಿಸದೆ ಒಳಕ್ಕೆ ಸರಿಸುವುದು ಅವಳಿಗೆ ಅಭ್ಯಾಸ. ಕಿಟಕಿಯ ಆಚೆಗೆ ನಿಂತ ಒಬ್ಬ, "ಆಟ ರಾಜಧಾನಿಗೆ ಹೋಯ್ತಂತಲ್ಲಮ್ಮ, ಟಿಕೆಟ್ ವಾಪಸ್ ತಗೋತೀರಾ?" ಎಂದು ಕೇಳಿದ್ದು ಒಳಗೆ ಕೆಲಸ ಮಾಡುತ್ತಿದ್ದವರಿಗೂ ಕೇಳಿಸಿತು.

"ನನ್ನ ಸರ್ವೀಸಲ್ಲಿ ಕೊಟ್ಟ ಟಿಕೆಟ್ ಒಂದೇ ಒಂದು ಸಲಾನೂ ವಾಪಸ್ ತಗೊಂಡಿಲ್ಲ," ಎಂದಳು ಆಕೆ. "ಗಾಡಿ ಕೆಟ್ಟು ನಿಂತ್ರೂ ತಗೊಂಡಿಲ್ಲ. ತಳ್ಳಿಸಿದ್ದೀನಿ. ನೀವೂ ಬೇಕಾದ್ರೆ ಒಳಗೆ ಬಂದು ತಳ್ಳಿ."

ಆ ಮನುಷ್ಯ ನಗುತ್ತಾ ಹೋದ. ಆಮೇಲೆ ಅವಳು ಕಿಟಕಿ ಎಳೆದು, ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಗಂಡ ನೆಲದ ಮೇಲೆ ಒಂದು ಕೈಯೂರಿ, ಒಂದು ಕೈಯಲ್ಲಿ ಬ್ರಷ್ಷು ಹಿಡಿದು ತೆವಳುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದಳು.

"ಏನ್ರೀ, ಮನೆಗೆ ಬಂದು ಮೊಣಕಾಲು ಅಂತೀರಲ್ಲ, ಆಗ ನಾನು ಕಿವುಡಿ."

"ಆ ಅಂಟುಪಟ್ಟಿ ಇತ್ತ ಕೊಡು, ಇವಳೇ."

"ನಾನೇ ಅಂಟಿಸ್ತೀನಿ. ನೀವು ಅಂಟಿಸೋದು ನೋಡಿದೆ, ಗೋಡೆಗೆ ಜಾಹೀರಾತು ಬಡಿದ ಹಾಗಿದೆ."

ಅವಳು ಹಿಂದೆ ಸರಿಯುತ್ತಾ ಪಟ್ಟಿ ಅಂಟಿಸುತ್ತಾ ಹೋದಳು, ಗಂಡ ಬಳಿಯುತ್ತಾ ಬಂದರು. ಎದುರು ಅರ್ಧದಲ್ಲಿ ಕೋಚಮ್ಮ ಮತ್ತು ರಿವರ್ಸ್. ಕಾಯುವ ಕೋಣೆಯಲ್ಲಿದ್ದ ಐದೂ ಫ್ಯಾನುಗಳು ಅಂಗಣಕ್ಕೆ ಬಂದಿದ್ದವು. ಆದರೂ ಮೊದಲ ಕೈ ನೀಲಿ ಒಣಗುವುದಕ್ಕೆ ಅವರು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎರಡೂವರೆ ಗಂಟೆ ಆದರೂ ಸರ್ವಿಸ್ ಗೆರೆಯ ಪಕ್ಕದ ನೀಲಿ ಬೆರಳಿಗೆ ಹತ್ತುತ್ತಿತ್ತು. ಮೇಷ್ಟ್ರು ಬೆರಳನ್ನು ನೋಡಿಕೊಂಡರು. ಇದರ ಮೇಲೆ ಈಗಲೇ ಇನ್ನೊಂದು ಕೈ ಹಾಕಿದರೆ ಎರಡೂ ಸೇರಿ ಎದ್ದು ಬರುತ್ತದೆ. ಕಾದರೆ ಐದಕ್ಕೆ ಮುಗಿಯುವುದಿಲ್ಲ. ಅವರು ಹಿಮ್ಮಡಿಯ ಮೇಲೆ ಕೂತರು.

"ಎಷ್ಟು ಹೊತ್ತು ಬೇಕು?" ಎಂದಳು ಕೋಚಮ್ಮ, ಆ ಕಡೆಯಿಂದ.

"ಒಂದು ಗಂಟೆ. ಅಷ್ಟು ಇಲ್ಲ."

ಶೆಡ್ಡಿನ ಎದುರು ಕ್ಷೌರದ ಅಂಗಡಿ. ಕೋಚಮ್ಮನ ತಾಯಿ ಯಾರಿಗೂ ಹೇಳದೆ ಎದ್ದು ಹೋದವಳು, ಕ್ಷೌರಿಕನನ್ನೇ ಕರೆತಂದಳು. ಅವನ ಎರಡು ಕೈಯಲ್ಲೂ ಕೂದಲು ಒಣಗಿಸುವ ಮಿಷನ್ನು. ಅವನ ಹಿಂದೆ, ಕತ್ತಿಗೆ ಬಟ್ಟೆ ಕಟ್ಟಿಕೊಂಡ, ಅರ್ಧ ಕೆನ್ನೆಯ ಮೇಲೆ ಸೋಪಿನ ನೊರೆ ಇದ್ದ ಗಿರಾಕಿಯೊಬ್ಬ ಬಂದಿದ್ದ.

"ಇವರು ಯಾಕೆ ಬಂದ್ರು?" ಎಂದ ರಿವರ್ಸ್.

"ನನ್ನ ಇನ್ನರ್ಧ ಮುಖ ಇವನ ಹತ್ರ ಇದೆ," ಎಂದ ಗಿರಾಕಿ. "ಎಲ್ಲಿ ಹೋಗಲಿ? ವೈರು ಹಿಡ್ಕೊತೀನಿ ಕೊಡಿ."

ಕ್ಷೌರಿಕ ಗೆರೆಯ ಗುಂಟ ಬಗ್ಗಿ, ತಲೆ ಒಣಗಿಸುವ ಹಾಗೇ ಮಣಿಕಟ್ಟು ಆಡಿಸುತ್ತಾ ಬಿಸಿಗಾಳಿ ಬಿಟ್ಟುಕೊಂಡು ಹೋದ. "ತಣ್ಣಗೆ ಬೇಕಾ, ಬಿಸಿ ಬೇಕಾ?" ಎಂದು ಒಮ್ಮೆ ಕೇಳಿದ, ಬಾಯಿತಪ್ಪಿ. ಮೇಷ್ಟ್ರು ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಮೂರು ಗಂಟೆಯ ಮೇಲೆ ಎರಡನೆಯ ಕೈ ನೀಲಿ ಹಿಂದಿನ ಗೆರೆಯಿಂದ ಶುರುವಾಗಿ, ಉದ್ದದ ನಾಲ್ಕೂ ಗೆರೆ ಸುತ್ತಿ, ಸರ್ವಿಸ್ ಗೆರೆಗೆ ಬಂತು. ಮೇಷ್ಟ್ರ ಕೈ ಒಂದೆರಡು ಸಲ ಹಳೆಯ ಅಭ್ಯಾಸಕ್ಕೆ ನೂಲು ದಾಟಲು ನೋಡಿತು. ಆಗೆಲ್ಲ ಬ್ರಷ್ಷನ್ನು ಎತ್ತಿ, ಉಸಿರು ಬಿಟ್ಟು, ಮತ್ತೆ ಇಳಿಸಿದರು. ನಾಲ್ಕೂ ಮುಕ್ಕಾಲಿಗೆ ಕೊನೆಯ ಅಂಟುಪಟ್ಟಿ ಕಿತ್ತಾಗ ಅದರ ಕೆಳಗಿನ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಬಂತು.

ಐದಕ್ಕೆ ಸರಿಯಾಗಿ ಮೇಲ್ವಿಚಾರಕಿ ಬಂದರು. ಕಾರ್ಯದರ್ಶಿಯೂ ಬಂದರು, ಅವರ ಫೋನು ಕೈಯಲ್ಲೇ ಇತ್ತು. ಆಕೆ ಬೂಟು ಕಳಚಿಟ್ಟು ಕಾಲುಚೀಲದಲ್ಲಿ ಅಂಗಣಕ್ಕೆ ಇಳಿದರು. ಉದ್ದ ಅಳೆದರು. ಅಗಲ ಎರಡು ಕಡೆ ಅಳೆದರು. ನೆಟ್ಟಿನಿಂದ ಸರ್ವಿಸ್ ಗೆರೆ. ಮೂಲೆಯಿಂದ ಮೂಲೆ. ಪ್ರತಿ ಸಲವೂ ಕೋಚಮ್ಮ ಆ ತುದಿಯಿಂದ ಓದಿ ಹೇಳಿದಳು, ಪ್ರತಿ ಸಲವೂ ಆಕೆ ತಮ್ಮ ಹಾಳೆಯಲ್ಲಿ ಒಂದು ಸಣ್ಣ ಗುರುತು ಹಾಕಿದರು. ಮೇಷ್ಟ್ರು ಈ ಸಲ ಹತ್ತಿರ ಹೋಗಲಿಲ್ಲ.

"ಇಪ್ಪತ್ಮೂರು ಎಪ್ಪತ್ತೇಳು," ಎಂದಳು ಕೋಚಮ್ಮ.

ಮೇಲ್ವಿಚಾರಕಿ ಹಾಳೆಯ ಕೆಳಗೆ ಸಹಿ ಹಾಕಿದರು. "ಗೆರೆ ಸಣ್ಣದಾಗಿದೆ. ಆದ್ರೆ ನಿಯಮಕ್ಕೆ ಇಷ್ಟು ಸಾಕು."

"ನಿಯಮಕ್ಕೆ ಸಾಕು ಮೇಡಂ," ಎಂದರು ಮೇಷ್ಟ್ರು. "ನಮಗೆ ಸಾಲದು. ಮೇಲಿನ ಸಾಲಲ್ಲಿ ಕೂತವರಿಗೆ ಇದು ದಾರದ ಹಾಗೆ ಕಾಣುತ್ತೆ." ಬಿಳಿಯ ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರು. "ನಾಳೆ ಬೆಳಿಗ್ಗೆ ಆಟಕ್ಕೆ ಮುಂಚೆ ಇನ್ನೊಂದು ಸಲ ಅಳೆದುಬಿಡಿ. ಹೊರಗಿನ ಅಂಚು ಮುಟ್ಟಲ್ಲ. ಎಷ್ಟು ದಪ್ಪ ಮಾಡೋದಿದ್ರೂ ಒಳಗಡೆ."

ಆಕೆ ಬೂಟು ಹಾಕಿಕೊಳ್ಳದೆ, ಕೈಯಲ್ಲಿ ಹಿಡಿದುಕೊಂಡು ಬಾಗಿಲವರೆಗೆ ನಡೆದರು.

ಕಾರ್ಯದರ್ಶಿ ಒಂದು ಗಳಿಗೆ ನಿಂತರು. "ಬಸ್ಸಿಗೆ ಮುಂಗಡ ಕೊಟ್ಟಾಗಿದೆ," ಎಂದರು, ಯಾರಿಗೂ ಅಲ್ಲ ಎಂಬಂತೆ.

"ವ್ಯರ್ಥ ಆಗಲ್ಲ ಸಾರ್," ಎಂದಳು ಕೋಚಮ್ಮನ ತಾಯಿ. "ಅದರಲ್ಲೇ ನಿಮ್ಮ ಕಡೆಯವರನ್ನ ಕರ‍್ಕೊಂಡು ಬನ್ನಿ. ಟಿಕೆಟ್ ಇನ್ನೂ ಇದೆ."

ಮರುದಿನ ಹತ್ತು ಗಂಟೆಗೆ ಶೆಡ್ಡಿನ ದೀಪಗಳೆಲ್ಲ ಹೊತ್ತಿಕೊಂಡವು. ಕುರ್ಚಿಗಳೆಲ್ಲ ತುಂಬಿದ್ದವು. ಮಿಕ್ಕ ಜನ ಗೋಡೆಯ ಗುಂಟ ನಿಂತಿದ್ದರು. ಬಹಳ ಮಂದಿಗೆ ಯಾವಾಗ ಚಪ್ಪಾಳೆ ಹೊಡೆಯಬೇಕು ಎಂದು ಗೊತ್ತಿರಲಿಲ್ಲ. ಅದಕ್ಕೆ ಚೆಂಡು ಹೆಕ್ಕಿ ಕೊಟ್ಟಾಗಲೂ ಹೊಡೆದರು. ಕಾರ್ಯದರ್ಶಿ ಮೊದಲ ಸಾಲಿನಲ್ಲಿದ್ದರು. ರಿವರ್ಸ್ ಗೇಟಿನಲ್ಲಿ ನಿಂತು, ಕಾರುಗಳನ್ನು ಹಿಂದಕ್ಕೆ ತೆಗೆಸುತ್ತಿದ್ದ ಕೂಗು ಬಾಗಿಲು ಮುಚ್ಚುವವರೆಗೂ ಕೇಳಿಸಿತು. ಕೋಚಮ್ಮ ಅಂಗಣದ ಮೂಲೆಯಲ್ಲಿ ಕಂಬಕ್ಕೆ ಒರಗಿದ್ದಳು, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು. ಉ‌ಗುರಿನ ಸಂದಿಯ ನೀಲಿ ಹೋಗಿರಲಿಲ್ಲ.

ಮೇಷ್ಟ್ರು ಮೇಲಿನ ಸಾಲಿನ ತುದಿಯಲ್ಲಿ ಕೂತಿದ್ದರು. ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಒಂದನ್ನು ಮುಂದಕ್ಕೆ ಚಾಚಿಕೊಂಡಿದ್ದರು.

ಮೊದಲು ಸರ್ವ್ ಮಾಡಬೇಕಾದವಳು ಉದ್ದ ಜಡೆಯ ಹುಡುಗಿ, ಎಲ್ಲಿಯವಳೋ. ಅವಳು ಹಿಂದಿನ ಗೆರೆಯ ಹತ್ತಿರ ಬಂದಳು. ಸದ್ದು ಒಂದೊಂದಾಗಿ ಅಡಗಿತು. ಎಡಗಾಲನ್ನು ಮುಂದಿಟ್ಟು, ತಲೆ ತಗ್ಗಿಸಿ ಕಾಲ ಬುಡವನ್ನು ನೋಡಿಕೊಂಡಳು. ನೋಡಿ, ಗೆರೆ ಮೆಟ್ಟದಂತೆ ಆ ಕಾಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಬೂಟಿನ ತುದಿಗೂ ಬಿಳಿಯ ಅಂಚಿಗೂ ನಡುವೆ ಒಂದಿಷ್ಟು ನೀಲಿ ಉಳಿಯಿತು. ಆಮೇಲೆ ಅವಳು ಚೆಂಡನ್ನು ನೆಲಕ್ಕೆ ಪುಟಿಸತೊಡಗಿದಳು. ಒಂದು ಸಲ, ಎರಡು ಸಲ, ಮೂರು ಸಲ.